ನೆರಳಿಗೆ ಕಾಣುವ ಕಣ್ಣು

"ಬಿಸಲಾಗ ನಿಂತ್ರ ಏನೂ ಕಾಣಂಗಿಲ್ಲ. ನೆಳ್ಳಿಗಿ ಬಂದ್ರ ಎಲ್ಲಾ ಚಂದ ಕಾಣತೈತಿ. ಇದೆಂಥಾ ಕಣ್ಣಪಾ!"

ಧನಕವಡಿಯ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಸೋದರಮಾವ ಹೀಗಂದಾಗ ನಾವು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವರು ಇಂಡಿ ತಾಲೂಕಿನ ನಿಂಬೆ ತೋಟದ ರೈತರು. ಕಿಡ್ನಿ ಹಾಕಿಸಿಕೊಂಡು ಒಂದೂವರೆ ವರ್ಷವಾಗಿತ್ತು. ಕಿಡ್ನಿ ಕೊಟ್ಟವರು ಅತ್ತೆ. ಮಗ ಪುಣೆಯಲ್ಲಿ ಕೆಲಸಕ್ಕಿದ್ದುದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆಗೆಂದು ಬಂದು, ಹತ್ತು ದಿನ ಇದ್ದು ಹೋಗುತ್ತಿದ್ದರು. ಬಂದಾಗಲೆಲ್ಲ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: "ಕ್ರಿಯಾಟಿನಿನ್ ಎಷ್ಟೈತಿ?" 1.2 ಅಂದರೆ ಮನೆಯಲ್ಲಿ ಹಬ್ಬ. ಕಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ. ಮಾವನಿಗೆ ಆಗ ನಲವತ್ತನಾಲ್ಕು ವರ್ಷ. ಆ ವಯಸ್ಸಿಗೆ ಪೊರೆ ಬರಬಹುದೆಂದು ನಮಗೆ ಹೊಳೆಯಲಿಲ್ಲ. ಕಸಿ ಮಾಡಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿಂದ ಮನೆಗೆ ಕಳಿಸುವಾಗ ಕೊಟ್ಟ ಸೂಚನೆಯ ಹಾಳೆಗಳಲ್ಲಿ ನೀರು, ಉಪ್ಪು, ಮಾಸ್ಕು, ಗುಳಿಗೆಯ ಹೊತ್ತು ಎಲ್ಲ ಬರೆದಿತ್ತು, ಕಣ್ಣಿನ ಮಾತು ಮಾತ್ರ ಒಂದೂ ಇರಲಿಲ್ಲ.

ಸ್ವಾರಗೇಟಿನಿಂದ ಸಾತಾರಾ ರಸ್ತೆ ಹಿಡಿದು ಕಾತ್ರಜ ಘಾಟಿನ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವುದು ಧನಕವಡಿ. 18ನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ ಕೆರೆಯ ನೀರನ್ನು ಶನಿವಾರವಾಡೆಗೆ ಒಯ್ಯಲು ನೆಲದಡಿ ಕಾಲುವೆ ಕಟ್ಟಿಸಿದ್ದು ಇದೇ ಸೀಮೆಯಲ್ಲಿ. 1947ರಲ್ಲಿ ದೇಹ ಬಿಟ್ಟ ಶಂಕರ ಮಹಾರಾಜರ ಸಮಾಧಿ ಮಠ ಇಲ್ಲೇ ಇದೆ. 1964ರಲ್ಲಿ ಸಾಂಗಲಿ ಜಿಲ್ಲೆಯ ಪತಂಗರಾವ್ ಕದಮ್ ಹುಟ್ಟುಹಾಕಿದ ಭಾರತಿ ವಿದ್ಯಾಪೀಠ 1989ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಆಮೇಲೆ ಧನಕವಡಿ ರೋಗಿಗಳು ಬಂದು ತಂಗುವ ಊರೂ ಆಯಿತು. ಸಾಂಗಲಿ ಜಿಲ್ಲೆಯದೇ ಆದ ಜತ್ತ ತಾಲೂಕು, ಸೊಲ್ಲಾಪುರದ ಅಕ್ಕಲಕೋಟೆ, ನಮ್ಮ ವಿಜಯಪುರ, ಕಲಬುರಗಿ ಇಲ್ಲೆಲ್ಲ ದೊಡ್ಡ ಕಾಯಿಲೆ ಬಂದರೆ ಜನ ನೋಡುವುದು ಪುಣೆಯ ಕಡೆಗೇ. ಬೆಂಗಳೂರು ದೂರ. ಈ ಓಣಿಗಳ ಔಷಧದ ಅಂಗಡಿಯೆದುರು ಸಂಜೆ ಹೊತ್ತು ನಿಂತರೆ ಮರಾಠಿಯ ನಡುವೆ "ಇದ ಊಟಾದ ಮ್ಯಾಲೋ, ಮುಂಚೇನೋ?" ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ.

ಮಾವನನ್ನು ಕೊನೆಗೆ ಅಲ್ಲಿಯ ಒಂದು ಕಣ್ಣಿನ ವಿಭಾಗಕ್ಕೆ ಕರೆದೊಯ್ದದ್ದು ಕನ್ನಡಕ ಬದಲಿಸಲೆಂದು. ನೋಡಿದ ಡಾಕ್ಟರು ಇನ್ನೂ ಕಲಿಯುತ್ತಿದ್ದ ಹುಡುಗಿ, ಕಲಬುರಗಿ ಕಡೆಯವಳು. ಕತ್ತಲು ಕೋಣೆಯಲ್ಲಿ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ ಹೇಳಿದಳು: "ಗದ್ದ ಇಲ್ಲಿ ಇಡ್ರಿ ಕಾಕಾ. ಹಣಿ ಮುಂದ ಒತ್ರಿ. ಈಗ ನನ್ನ ಕಿವಿ ನೋಡ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ವೈಸೊಲೋನ್ ತಗೋತೀರೇನು?"

"ಹೂಂನ್ರಿ. ಈಗ ಹತ್ತು. ಮೊದಲ ಭಾಳ ಇತ್ತು. ನಡಕ ಒಮ್ಮಿ ರಿಜೆಕ್ಷನ್ ಅಂತ ಮೂರ ದಿನ ಸಲಾಯಿನದಾಗ ಹಾಕಿದ್ರು."

ಅವಳು ಎದ್ದು ನಿಂತು ನನ್ನನ್ನೂ ಕರೆದಳು. ಒಂದು ಕಣ್ಣು ಮುಚ್ಚಿ ಇಣುಕಿದೆ. ಕಿರಿದಾದ ಬೆಳಕಿನ ಪಟ್ಟಿ ಕಣ್ಣಿನ ಗೊಂಬೆಯನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಮಸೂರ ಮುಂದೆಲ್ಲ ತಿಳಿಯಾಗಿತ್ತು. ಹಿಂಬದಿಯಲ್ಲಿ, ಸರಿಯಾಗಿ ನಟ್ಟನಡುವೆ, ಒಡೆದ ಸಕ್ಕರೆ ಹರಳಿನಂಥ ಒಂದು ಮಬ್ಬು ಅಂಟಿಕೊಂಡಿತ್ತು. ಮುದುಕರಿಗೆ ಬರುವ ಪೊರೆ ಹೀಗಿರುವುದಿಲ್ಲ, ಅದು ಮಸೂರದ ಗರ್ಭದಲ್ಲೇ ನಿಧಾನವಾಗಿ ಕಂದುತ್ತದೆ. ಇದು ಸ್ಟೀರಾಯ್ಡಿನ ಪೊರೆ, ಆ ವೈಸೊಲೋನ್ ಗುಳಿಗೆ ತಂದದ್ದು. ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ, ಬೆಳಕೆಲ್ಲ ನಡುವಿನಿಂದಲೇ ಹೋಗಬೇಕು, ಅಲ್ಲಿ ಇದು ಅಡ್ಡ ಕೂತಿರುತ್ತದೆ. ನೆರಳಿಗೆ ಬಂದರೆ ಪಾಪೆ ಅರಳುತ್ತದೆ, ಬೆಳಕು ಮಬ್ಬಿನ ಸುತ್ತಲಿಂದ ಒಳಗೆ ಹೋಗುತ್ತದೆ. ಮಾವ ಮೆಟ್ಟಿಲ ಮೇಲೆ ಕೂತು ಹೇಳಿದ ಮಾತು ರೋಗದ ಪೂರ್ಣ ವಿವರಣೆಯೇ ಆಗಿತ್ತು. ಕೇಳುವ ಕಿವಿ ನಮಗಿರಲಿಲ್ಲ.

ಅಂದಿನಿಂದ ನಾನು ಈ ವಿಷಯದ ಬೆನ್ನು ಹತ್ತಿದೆ. ಕಿಡ್ನಿ ಕಸಿಯ ಚರಿತ್ರೆಯನ್ನು ಎಲ್ಲರೂ ಹೊಟ್ಟೆಯ ಕಡೆಯಿಂದ ಹೇಳುತ್ತಾರೆ. ನಾನು ಅದನ್ನು ಕಣ್ಣಿನ ಕಡೆಯಿಂದ ಓದಿದೆ.

ಕಿಡ್ನಿಗೂ ಕಣ್ಣಿಗೂ ಇರುವ ನಂಟು ಕಸಿಗಿಂತ ಹಳೆಯದು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 19ನೇ ಶತಮಾನದ ಮೊದಲರ್ಧದಲ್ಲೇ ಕಿಡ್ನಿ ಕೆಟ್ಟವರಲ್ಲಿ ಕೆಲವರಿಗೆ ದೃಷ್ಟಿ ಹೋಗುವುದನ್ನು ಗಮನಿಸಿದ್ದ. ಕಣ್ಣೊಳಗೆ ಏನಾಗಿದೆಯೆಂದು ನೋಡಲು ಅವನಿಗೆ ಸಾಧನವಿರಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೋಸ್ಕೋಪ್ ಮಾಡಿದ ಮೇಲೆ ಬದುಕಿರುವ ಮನುಷ್ಯನ ರಕ್ತನಾಳಗಳನ್ನು ಕೊಯ್ಯದೆಯೇ ನೋಡುವುದು ಸಾಧ್ಯವಾಯಿತು. ದೇಹದಲ್ಲಿ ಅಂಥ ಜಾಗ ಇನ್ನೊಂದಿಲ್ಲ. ರಕ್ತದೊತ್ತಡದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಿಡ್ನಿಯ ಸಣ್ಣ ನಾಳಗಳು ಹಾಳಾಗುತ್ತಿದ್ದರೆ ಅದೇ ಹಾಳು ಅಕ್ಷಿಪಟದಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಹಾಗಾಗಿ ಕಸಿಗೆ ಬರುವ ರೋಗಿಯ ಕಣ್ಣು ಎಷ್ಟೋ ಸಲ ಮೊದಲೇ ಪೆಟ್ಟು ತಿಂದಿರುತ್ತದೆ. ಹೊಸ ಗುಳಿಗೆಗಳ ಕೆಲಸ ಶುರುವಾಗುವುದು ಅದರ ಮೇಲೆ.

ಇನ್ನೊಂದು ನಂಟು ನನಗೆ ಇನ್ನೂ ಅಚ್ಚರಿಯದು. ಮನುಷ್ಯನಿಂದ ಮನುಷ್ಯನಿಗೆ ಒಂದು ಅಂಗಾಂಶ ಕೂಡಿಕೊಂಡು ಉಳಿದದ್ದು ಮೊಟ್ಟಮೊದಲು ಕಣ್ಣಿನಲ್ಲಿ. 1905ರ ಡಿಸೆಂಬರ್ 7ರಂದು, ಇಂದು ಚೆಕ್ ದೇಶದಲ್ಲಿರುವ ಓಲೊಮೊಟ್ಸ್ ಎಂಬ ಊರಿನಲ್ಲಿ, ಎಡ್ವರ್ಡ್ ತ್ಸಿರ್ಮ್ ಎಂಬ ವೈದ್ಯ ಸುಣ್ಣ ಸಿಡಿದು ಕಣ್ಣು ಕಳೆದುಕೊಂಡಿದ್ದ ಒಬ್ಬ ಕೂಲಿಯಾಳಿಗೆ ಬೇರೊಬ್ಬರ ಕಾರ್ನಿಯಾ ಹೊಲಿದ. ಒಂದು ಕಣ್ಣಿನಲ್ಲಿ ಅದು ನಿಂತಿತು, ಆ ಮನುಷ್ಯ ಮತ್ತೆ ಕೆಲಸಕ್ಕೆ ಹೋದ. ಶರೀರ ಒಲ್ಲೆ ಅನ್ನದಿರಲು ಅಂದು ಯಾವ ಔಷಧವೂ ಇರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಹೊರಗಿನವರು ಬಂದಿದ್ದಾರೆಂದು ಕಾವಲಿನ ಕೋಶಗಳಿಗೆ ಸುದ್ದಿ ಮುಟ್ಟುವುದು ತಡವಾಗುತ್ತದೆ. 1940ರ ದಶಕದಲ್ಲಿ ಪೀಟರ್ ಮೆಡಾವರ್ ಮೊಲಗಳ ಕಣ್ಣಿನೊಳಗೆ ಚರ್ಮದ ಚೂರು ಇಟ್ಟು ಇದನ್ನು ತೋರಿಸಿದ. ರೋಗನಿರೋಧದ ಕಟ್ಟುನಿಟ್ಟು ಕಣ್ಣಿನೊಳಗೆ ಸಡಿಲ. ಮುಂದೆ ಕಿಡ್ನಿಯನ್ನು ಕಾಪಾಡಲು ಇಡೀ ದೇಹದಲ್ಲಿ ಅದೇ ಸಡಿಲವನ್ನು ಔಷಧದಿಂದ ತರಬೇಕಾಯಿತು. ಅದರ ಪೆಟ್ಟಿನ ಒಂದು ಪಾಲು ಬಿದ್ದದ್ದು ಕಣ್ಣಿನ ಮೇಲೆಯೇ.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಎಲ್ಲರಿಗೂ ಗೊತ್ತಿರುವುದೇ. ಕೊಟ್ಟವನು ರೊನಾಲ್ಡ್ ಹೆರಿಕ್, ಪಡೆದವನು ಅವನ ಅವಳಿ ರಿಚರ್ಡ್. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾದ್ದರಿಂದ ದೇಹಕ್ಕೆ ಪರಕೀಯವೆನ್ನಿಸಲಿಲ್ಲ. ಗುಳಿಗೆ ಬೇಕಾಗಲಿಲ್ಲ, ಕಣ್ಣಿಗೆ ಅಪಾಯವೂ ಇರಲಿಲ್ಲ. ರಿಚರ್ಡ್ ಎಂಟು ವರ್ಷ ಬದುಕಿದ. ಆದರೆ ಅವಳಿ ಯಾರಿಗಿರುತ್ತಾರೆ? ಉಳಿದವರಿಗಾಗಿ ಮೊದಲು ಮೈಗೆಲ್ಲ ಎಕ್ಸ್‌ರೇ ಕಿರಣ ಹಾಯಿಸಿ ನೋಡಿದರು, ಹೆಚ್ಚಿನವರು ಸತ್ತರು. ಆಮೇಲೆ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ರಸಾಯನ ವಿಜ್ಞಾನಿಗಳ ಕೈಯಿಂದ ಅಜಥಿಯೋಪ್ರಿನ್ ಬಂತು. ಇಂಗ್ಲೆಂಡಿನ ರಾಯ್ ಕಾನ್ ಈ ಬಗೆಯ ಔಷಧಗಳನ್ನು ನಾಯಿಗಳ ಮೇಲೆ ಪ್ರಯೋಗಿಸಿದ್ದ. 1962ರಲ್ಲಿ ಮರ್ರೆ ಅಜಥಿಯೋಪ್ರಿನ್ ಬಲದಿಂದ ಸಂಬಂಧಿಕನಲ್ಲದವನ ಕಿಡ್ನಿಯನ್ನು ಒಬ್ಬ ರೋಗಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಉಳಿಸಿದ. ಅಜಥಿಯೋಪ್ರಿನ್ ಒಂದೇ ಸಾಲದಾಗಿತ್ತು. ಡೆನ್ವರಿನ ಟಾಮಸ್ ಸ್ಟಾರ್ಜಲ್ 1963ರ ಹೊತ್ತಿಗೆ ಅದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಬೆರೆಸಿ, ಕಿಡ್ನಿಯನ್ನು ಒಲ್ಲೆ ಎನ್ನಲು ಶುರುಮಾಡಿದ ದೇಹವನ್ನೂ ಹಿಂದಕ್ಕೆ ತಿರುಗಿಸಬಹುದು ಎಂದು ತೋರಿಸಿಕೊಟ್ಟ. ಅಲ್ಲಿಂದ ಕಿಡ್ನಿ ಕಸಿ ಪ್ರಯೋಗಶಾಲೆಯನ್ನು ಬಿಟ್ಟು ಆಸ್ಪತ್ರೆಗೆ ಬಂತು.

ನಾನು ತಡೆದು ನಿಂತದ್ದು ಈ ವರ್ಷಗಳ ಹತ್ತಿರ. ಸ್ಟೀರಾಯ್ಡ್ ಅಂದು ಹೊಸದೇನಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಕೊಟ್ಟ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಜಗತ್ತು ಅದನ್ನು ಪವಾಡವೆಂದು ಕರೆಯಿತು, 1950ರಲ್ಲಿ ಹೆಂಚ್, ಕೆಂಡಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಹತ್ತು ವರ್ಷ ಕಳೆಯಿತು. 1960ರಲ್ಲಿ ರೋಜರ್ ಬ್ಲ್ಯಾಕ್ ಮತ್ತು ಜೊತೆಗಾರರು ಬಹುಕಾಲ ಸ್ಟೀರಾಯ್ಡ್ ತಿಂದ ಕೀಲುವಾತದ ರೋಗಿಗಳ ಕಣ್ಣು ಪರೀಕ್ಷಿಸಿ, ಮಸೂರದ ಹಿಂಬದಿಗೆ ಪೊರೆ ಬರುತ್ತಿದೆ ಎಂದು ಬರೆದರು. ಹೆಚ್ಚು ಡೋಸು, ಹೆಚ್ಚು ದಿನ, ಹೆಚ್ಚು ಪೊರೆ. ಅದೇ ಸುಮಾರಿಗೆ ಇನ್ನೊಂದು ಅಪಾಯವೂ ತಿಳಿಯಿತು. ಸ್ಟೀರಾಯ್ಡಿನ ಹನಿಯನ್ನು ಕೆಲವು ವಾರ ಹಾಕಿದರೆ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ, ನೂರಕ್ಕೆ ನಾಲ್ಕಾರು ಮಂದಿಗೆ ವಿಪರೀತ ಏರುತ್ತದೆ ಎಂದು ಆರ್ಮಲಿ ಮತ್ತು ಬೆಕರ್ ಎಂಬ ಸಂಶೋಧಕರು 1960ರ ದಶಕದಲ್ಲಿ ತೋರಿಸಿದರು. ಗುಳಿಗೆಯ ರೂಪದಲ್ಲಿ ನುಂಗಿದರೂ ಈ ಅಪಾಯ ತಪ್ಪಿದ್ದಲ್ಲ. ಪೊರೆಯಾದರೆ ಮಬ್ಬಾಗಿ ತಾನೇ ತಿಳಿಯುತ್ತದೆ. ಒತ್ತಡ ಹಾಗಲ್ಲ. ನೋವಿಲ್ಲ, ಕೆಂಪಿಲ್ಲ, ನೋಟದ ಅಂಚಿನಿಂದ ಒಳಮುಖವಾಗಿ ಸದ್ದಿಲ್ಲದೆ ತಿನ್ನುತ್ತ ಬರುತ್ತದೆ. ಹೋದ ನೋಟ ತಿರುಗಿ ಬರುವುದಿಲ್ಲ.

ಅಂದರೆ ಸ್ಟಾರ್ಜಲ್ ಎರಡು ಔಷಧಗಳನ್ನು ಬೆರೆಸುವ ಮೊದಲೇ ಕಣ್ಣಿನ ಎಚ್ಚರಿಕೆ ಅಚ್ಚಾಗಿತ್ತು. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಎದುರಿಗೆ ಇಪ್ಪತ್ತೈದರ ಹುಡುಗ ಸಾಯುತ್ತ ಮಲಗಿದ್ದಾಗ ಪೊರೆಯ ಲೆಕ್ಕ ಯಾರು ಹಾಕುತ್ತಾರೆ, ಹಾಕಲೂಬಾರದು. ನನ್ನ ತಕರಾರು ಬೇರೆ. ಜೀವ ಉಳಿಸುವ ತುರ್ತಿನಲ್ಲಿ ಪಕ್ಕಕ್ಕೆ ಇಟ್ಟ ಮಾತನ್ನು, ಜೀವ ಉಳಿದು ವರ್ಷಗಳಾದ ಮೇಲೂ ಎಷ್ಟೋ ಕಡೆ ಪಕ್ಕದಲ್ಲೇ ಬಿಟ್ಟರು. ಕಿಡ್ನಿಯ ಡಾಕ್ಟರು ರಕ್ತ ನೋಡುತ್ತಾರೆ, ಕಣ್ಣಿನ ಡಾಕ್ಟರಿಗೆ ರೋಗಿ ಗುಳಿಗೆಯ ವಿಷಯ ಹೇಳುವುದಿಲ್ಲ. ನಡುವೆ ಇರುವುದು ಆಸ್ಪತ್ರೆಯ ಒಂದು ವರಾಂಡ ಮಾತ್ರ.

ಭಾರತದಲ್ಲಿ ಮೊದಲ ಪ್ರಯತ್ನ ನಡೆದದ್ದು 1965ರಲ್ಲಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ. ತೀರಿಕೊಂಡವರ ಕಿಡ್ನಿ ಪಡೆದಿದ್ದ ಆ ರೋಗಿ ಹೆಚ್ಚು ದಿನ ಉಳಿಯಲಿಲ್ಲ. ಬದುಕಿರುವವರ ಕಿಡ್ನಿಯನ್ನು ಕಸಿ ಮಾಡಿ ಗೆದ್ದದ್ದು 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. "ವೆಲ್ಲೂರಿಗೆ ಒಯ್ದರಂತೆ" ಎಂಬ ಮಾತು ಕನ್ನಡ ನಾಡಿನ ಎಷ್ಟು ಮನೆಗಳಲ್ಲಿ ಕೊನೆಯ ಆಸೆಯ ಮಾತಾಗಿತ್ತೆಂದು ಆ ಕಾಲದವರಿಗೆ ಗೊತ್ತು.

ಆ ಕಾಲದಲ್ಲಿ ನಮ್ಮ ಕಡೆ ಪೊರೆ ಎಂದರೆ ಮುದುಕರ ಕಾಯಿಲೆ, ಪೊರೆಯ ಡಾಕ್ಟರೆಂದರೆ ಎಂ. ಸಿ. ಮೋದಿ. ಆಗ ವಿಜಯಪುರ ಜಿಲ್ಲೆಯಲ್ಲಿದ್ದ ಬೀಳಗಿಯವರು, ಮುರಿಗೆಪ್ಪ ಚನ್ನವೀರಪ್ಪ ಮೋದಿ. ಊರೂರಿಗೆ ಹೋಗಿ ಶಿಬಿರ ಹಾಕಿ, ಶಾಲೆಯ ಕೋಣೆ, ಛತ್ರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪೊರೆ ತೆಗೆದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆಗೆ ಸೇರಿದೆ. ನನ್ನ ಮುತ್ತಜ್ಜಿಗೂ ಅಂಥದೊಂದು ಶಿಬಿರದಲ್ಲೇ ಕಣ್ಣು ಬಂದದ್ದು. ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಅಕ್ಕಿಯೊಳಗಿನ ಕಲ್ಲು ಆರಿಸುತ್ತ ಕೂರುತ್ತಿದ್ದಳಂತೆ. ಮಸೂರವನ್ನು ತೆಗೆದ ಜಾಗದಲ್ಲಿ ಇನ್ನೊಂದನ್ನು ಇಡಬಹುದೆಂದು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ತೋರಿಸಿದ್ದರೂ ಅದು ನಮ್ಮ ಹಳ್ಳಿಗಳಿಗೆ ಮುಟ್ಟಲು ದಶಕಗಳೇ ಬೇಕಾದವು. ಈ ಹಿನ್ನೆಲೆ ಇದ್ದುದರಿಂದಲೇ ನಲವತ್ತರ ಗಂಡಸಿನ ಮಬ್ಬಿಗೆ ನಮ್ಮಲ್ಲಿ ಪೊರೆ ಎಂಬ ಹೆಸರೇ ಹೊಳೆಯುವುದಿಲ್ಲ.

ಪೊರೆ ಬಂದರೆ ತೆಗೆಯಬಹುದು. ಕಸಿಯಾದವರ ಕಣ್ಣಿಗೆ ಬಂದ ನಿಜವಾದ ಭಯ ಸೋಂಕಿನದು. ಸೈಟೋಮೆಗಲೋ ಎಂಬ ವೈರಸ್ಸು ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಚಿಕ್ಕಂದಿನಿಂದಲೇ ನಿದ್ದೆ ಮಾಡುತ್ತಿರುತ್ತದೆ. ಕಾವಲು ಸಡಿಲವಾದಾಗ ಎದ್ದು ಕಿಡ್ನಿ, ಕರುಳು, ಶ್ವಾಸಕೋಶ ಹಿಡಿಯುತ್ತದೆ, ಕೆಲವರಲ್ಲಿ ಅಕ್ಷಿಪಟವನ್ನೂ ಹಿಡಿಯುತ್ತದೆ. ಕಣ್ಣಿಗೆ ಹನಿ ಹಾಕಿ ಪಾಪೆ ಅರಳಿಸಿ ನೋಡಿದರೆ ಮೊಸರಿನ ಮೇಲೆ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಬಿಳಿ ಇದ್ದಲ್ಲಿ ಅಕ್ಷಿಪಟ ಸಾಯುತ್ತಿದೆ, ಕೆಂಪು ಇದ್ದಲ್ಲಿ ರಕ್ತ ಸೋರಿದೆ. ರೋಗಿ ಹೇಳುವುದು ಇಷ್ಟೇ: ಕಣ್ಣ ಮುಂದೆ ಸೊಳ್ಳೆ ಹಾರಿದಂತಾಗುತ್ತದೆ. ಏಡ್ಸ್ ಬಂದು ಸಾವಿರಾರು ಜನರ ಕಣ್ಣು ಹೀಗೆ ಹಾಳಾದಾಗ ಜಗತ್ತು ಈ ರೋಗವನ್ನು ಕಲಿತುಕೊಂಡಿತು. ಅದಕ್ಕಿಂತ ಮುಂಚೆ ಅದು ಹೆಚ್ಚಾಗಿ ಕಸಿಯಾದವರ ವಾರ್ಡುಗಳಲ್ಲಿ ಕಾಣುತ್ತಿದ್ದ ಅಪರೂಪದ ಸಂಕಟವಾಗಿತ್ತು. ಗ್ಯಾನ್ಸಿಕ್ಲೋವಿರ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ. ಅಲ್ಲಿಯವರೆಗೆ ಡಾಕ್ಟರ ಕೈಯಲ್ಲಿ ಇದ್ದ ಮುಖ್ಯ ದಾರಿ, ಕಿಡ್ನಿಯನ್ನು ಕಾಯುತ್ತಿದ್ದ ಗುಳಿಗೆಗಳನ್ನೇ ಕಡಿಮೆ ಮಾಡುವುದು. ಕಣ್ಣು ಉಳಿಯಲಿ ಎಂದು ಕಾವಲನ್ನು ಎಬ್ಬಿಸಿದರೆ ಅದೇ ಕಾವಲು ತಾಯಿ ಕೊಟ್ಟ ಕಿಡ್ನಿಯ ಮೇಲೆ ಏರಿ ಹೋಗಬಹುದು. ಅಂಥ ಬೆಳಗಿನಲ್ಲಿ ರೋಗಿಯ ಹಾಸಿಗೆ ಪಕ್ಕ ನಿಂತ ಡಾಕ್ಟರಿಗೆ ಏನನ್ನಿಸಿರಬೇಕು?

ಹೊಸ ದಾರಿ ಮಣ್ಣಿನಿಂದ ಬಂತು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ತನ್ನ ನೌಕರರಿಗೆ, ರಜೆಗೆ ಹೋದಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ಮಣ್ಣು ತನ್ನಿ ಎಂದು ಹೇಳಿತ್ತು. ಹೊಸ ಶಿಲೀಂಧ್ರ ಸಿಕ್ಕೀತೆಂಬ ಆಸೆ. 1969ರಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಬೋಳು ಪ್ರಸ್ಥಭೂಮಿಯಿಂದ ಬಂದ ಮಣ್ಣಿನಲ್ಲಿ ಒಂದು ಬೂಷ್ಟು ಸಿಕ್ಕಿತು. ಅದರ ಸತ್ವ ರೋಗನಿರೋಧವನ್ನು ತಗ್ಗಿಸುತ್ತದೆ, ಆದರೆ ರಕ್ತಕಣಗಳನ್ನು ಕೊಲ್ಲುವುದಿಲ್ಲ ಎಂದು 1972ರಲ್ಲಿ ಬೊರೆಲ್, ಸ್ಟೇಹೆಲಿನ್ ಇದ್ದ ಪ್ರಯೋಗಾಲಯದಲ್ಲಿ ತಿಳಿದುಬಂತು. ಸೈಕ್ಲೋಸ್ಪೋರಿನ್ ಅದು. ನೀರಿನಲ್ಲಿ ಕರಗುತ್ತಿರಲಿಲ್ಲ. ಕೇಂಬ್ರಿಜ್‌ನಲ್ಲಿ ರಾಯ್ ಕಾನ್ ಜೊತೆಗಿದ್ದ ಗ್ರೀಸ್ ದೇಶದ ಆಲ್ಕಿಸ್ ಕೊಸ್ಟಾಕಿಸ್ ಅದನ್ನು ಆಲಿವ್ ಎಣ್ಣೆಯಲ್ಲಿ ಕರಗಿಸಿದ. 1978ರಲ್ಲಿ ಕಾನ್ ಅದನ್ನು ಕಿಡ್ನಿ ರೋಗಿಗಳಿಗೆ ಕೊಟ್ಟ. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಬಂತು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಇನ್ನೊಂದು ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದ ಆ ಊರಿನ ಹೆಸರಿನ ಮೊದಲಕ್ಷರ ಹೊತ್ತು ಅದು ಟ್ಯಾಕ್ರೋಲಿಮಸ್ ಆಯಿತು. 1989ರಲ್ಲಿ ಸ್ಟಾರ್ಜಲ್ ಅದನ್ನು ರೋಗಿಗಳಿಗೆ ಬಳಸತೊಡಗಿದ, 1994ರಲ್ಲಿ ಅನುಮತಿ ದೊರೆಯಿತು. ಮಾವ ದಿನಾ ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ, ಮೊಬೈಲಿನ ಗಂಟೆ ಹೊಡೆದ ಕೂಡಲೇ ನುಂಗುವುದು ಇದನ್ನೇ. ರಕ್ತದಲ್ಲಿ ಅದೆಷ್ಟಿದೆ ಎಂದು ಕೇಳುವ "ಟ್ಯಾಕ್ ಲೆವೆಲ್" ಎಂಬ ಮಾತು ಮನೆಯಲ್ಲಿ "ಮಳಿ ಆಯ್ತಾ?" ಎನ್ನುವಷ್ಟೇ ಸಾಮಾನ್ಯ.

ಈ ಎರಡು ಔಷಧಗಳು ಕಣ್ಣಿಗೆ ದೊಡ್ಡ ಉಪಕಾರ ಮಾಡಿದವು. ಸ್ಟೀರಾಯ್ಡಿನ ಡೋಸು ಇಳಿಸಲು ಸಾಧ್ಯವಾಯಿತು. ಆದರೆ ಇವೂ ತಮ್ಮದೊಂದು ಗುಟ್ಟು ತಂದವು. ಅಪರೂಪಕ್ಕೆ ಕೆಲವರು, ಕಸಿಯಾಗಿ ಕೆಲವು ದಿನ ಅಥವಾ ವಾರಗಳಲ್ಲಿ, ತಲೆನೋವು, ಫಿಟ್ಸು ಬಂದು ಇದ್ದಕ್ಕಿದ್ದಂತೆ ಪೂರಾ ಕುರುಡರಾಗುತ್ತಿದ್ದರು. ಕಣ್ಣು ಪರೀಕ್ಷಿಸಿದರೆ ಮಸೂರ ತಿಳಿ, ಅಕ್ಷಿಪಟ ಸರಿ, ಪಾಪೆ ಬೆಳಕಿಗೆ ಕುಗ್ಗುತ್ತದೆ. ತೊಂದರೆ ಕಣ್ಣಿನಲ್ಲಿ ಇರಲೇ ಇಲ್ಲ. ತಲೆಯ ಹಿಂಬದಿಯಲ್ಲಿ, ನೋಟವನ್ನು ಅರ್ಥಮಾಡಿಕೊಳ್ಳುವ ಮಿದುಳಿನ ಭಾಗ ಬಾತುಕೊಂಡಿತ್ತು. 1996ರಲ್ಲಿ ಜೂಡಿ ಹಿಂಚಿ ಮತ್ತು ಜೊತೆಗಾರರು ಇಂಥ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಇದಕ್ಕೊಂದು ಹೆಸರು ಕೊಟ್ಟರು. ಅವರಲ್ಲಿ ಹಲವರು ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ತೆಗೆದುಕೊಳ್ಳುತ್ತಿದ್ದವರು. ಔಷಧ ನಿಲ್ಲಿಸಿ ಅಥವಾ ಇಳಿಸಿ, ರಕ್ತದೊತ್ತಡ ಹತೋಟಿಗೆ ತಂದರೆ ಹೆಚ್ಚಿನವರಿಗೆ ನೋಟ ಮರಳಿ ಬರುತ್ತದೆ. ಮನೆಯವರು ಆ ಕೆಲವು ದಿನ ಹೇಗೆ ಕಳೆಯುತ್ತಾರೋ! ಸ್ಕ್ಯಾನು ಮಾಡದೆ ಕಣ್ಣಿನ ಹನಿ ಹಾಕುತ್ತ ಕೂತರೆ ಮಾತ್ರ ಕೆಡುತ್ತದೆ.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮೊದಲು ಅನ್ವಯವಾದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. 1995ರಲ್ಲಿ ಅದು ಜಾರಿಗೆ ಬಂದ ಮೇಲೆ ಕಿಡ್ನಿಯ ಮಾರಾಟ ಅಪರಾಧವಾಯಿತು, ಕೊಡುವವರು ಸಾಮಾನ್ಯವಾಗಿ ಮನೆಯವರೇ ಆಗಬೇಕಾಯಿತು. ನಮ್ಮ ದೇಶದಲ್ಲಿ ಹಾಗೆ ಬದುಕಿದ್ದಾಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ತಾಯಿ, ಹೆಂಡತಿ, ಅಕ್ಕ. ನಮ್ಮತ್ತೆ ಆ ಸಾಲಿನಲ್ಲಿ ಒಬ್ಬರು. "ನಂದ ಒಂದ ಸಾಕ್ರಿ, ಅವರ ಹೊಲಾ ನೋಡಬೇಕಲ್ಲ" ಎಂದು ಕಸಿಗೆ ಒಪ್ಪಿಗೆ ಕೊಡುವ ಕಮಿಟಿಯ ಮುಂದೆ ಹೇಳಿದ್ದರು. ಹೊಲ ನೋಡಬೇಕಾದ ಕಣ್ಣೇ ಮಬ್ಬಾದಾಗ ಅವರು ಅತ್ತದ್ದನ್ನು ನಾನು ಕಂಡಿದ್ದೇನೆ. ಮಾವನ ಮುಂದೆ ಅಳಲಿಲ್ಲ, ಅಡುಗೆ ಮನೆಯಲ್ಲಿ.

2021ರ ಬೇಸಿಗೆಯ ನೆನಪು ಇಲ್ಲಿ ತರಲೇಬೇಕು. ಕೊರೋನಾದ ಎರಡನೇ ಅಲೆಯಲ್ಲಿ, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ, ಸಕ್ಕರೆ ಕಾಯಿಲೆ ಇದ್ದವರು, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರು ಮೂಗು ಕಟ್ಟಿ, ಕೆನ್ನೆ ಬಾತು, ಕಣ್ಣು ಮುಂದಕ್ಕೆ ಬಂದು ಆಸ್ಪತ್ರೆ ಸೇರಿದರು. ಪತ್ರಿಕೆಗಳು ಕಪ್ಪು ಶಿಲೀಂಧ್ರ ಎಂದು ಬರೆದವು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ವಾರ್ಡು ತುಂಬಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಹೇಳಿತು. ಮ್ಯೂಕರ್ ಬಳಗದ ಈ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಎಲ್ಲೆಲ್ಲೂ ಇದೆ. ಕಸಿಯಾದವರನ್ನು ನೋಡುವ ವೈದ್ಯರಿಗೆ ಅದು ಹಳೆಯ ವೈರಿ. ಜಗತ್ತಿಗೆ ಹೊಸದಾಗಿ ಕಂಡದ್ದು, ಕಿಡ್ನಿ ಹಾಕಿಸಿಕೊಂಡವರು ವರ್ಷಗಳಿಂದ ಹೊತ್ತು ತಿರುಗುತ್ತಿದ್ದ ಅಪಾಯವೇ. ಅದರ ಮದ್ದಾದ ಆಂಫೋಟೆರಿಸಿನ್ ಸಿಗದೆ ಮನೆಯವರು ಊರೂರು ಅಲೆದರು. ಕಸಿಯಾದವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಆಂಫೋಟೆರಿಸಿನ್ ಕಿಡ್ನಿಗೆ ಕೆಟ್ಟದ್ದು. ಕಣ್ಣನ್ನೂ ಮಿದುಳನ್ನೂ ಉಳಿಸಲು ಹೋದರೆ, ಅಷ್ಟು ಕಷ್ಟಪಟ್ಟು ತಂದ ಕಿಡ್ನಿಗೆ ಪೆಟ್ಟು. ಕೆಲವು ಕಣ್ಣುಗಳನ್ನು ಗುಡ್ಡೆಯ ಸಮೇತ ತೆಗೆದುಹಾಕಬೇಕಾಯಿತು. ಆ ಎರಡು ತಿಂಗಳು ಮಾವ ತೋಟದಲ್ಲಿ ಗೊಬ್ಬರ ಮುಟ್ಟದೆ, ಮೂಗು ಬಾಯಿ ಕಟ್ಟಿಕೊಂಡು, ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತು ಆಳುಗಳ ಕೆಲಸ ನೋಡಿದರು.

ಅಷ್ಟು ಹೊತ್ತಿಗೆ ಅವರ ಕಣ್ಣು ತಿಳಿಯಾಗಿತ್ತು. ಪೊರೆ ತೆಗೆಯುವ ಮುನ್ನ ಕಿಡ್ನಿ ಡಾಕ್ಟರೂ ಕಣ್ಣಿನ ಡಾಕ್ಟರೂ ಫೋನಿನಲ್ಲಿ ಮಾತಾಡಿದರು. ಗುಳಿಗೆ ನಿಲ್ಲಿಸುವುದು ಬೇಡ, ಸೋಂಕಿನ ಎಚ್ಚರ ಮಾತ್ರ ದುಪ್ಪಟ್ಟು ಎಂದು ತೀರ್ಮಾನವಾಯಿತು. ಸಣ್ಣ ಗಾಯದೊಳಗಿಂದ ಮಸೂರವನ್ನು ಕರಗಿಸಿ ಹೀರಿ, ಅಲ್ಲಿ ಹೊಸದನ್ನು ಕೂರಿಸಿದರು. ಮೊದಲು ಬಲಗಣ್ಣು, ತಿಂಗಳ ಮೇಲೆ ಎಡಗಣ್ಣು. ಮೂರನೇ ದಿನ ಮಾವ ಧನಕವಡಿಯ ಅದೇ ಮೆಟ್ಟಿಲ ಮೇಲೆ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಕಪ್ಪು ಕನ್ನಡಕವನ್ನು ಹಣೆಗೇರಿಸಿ ಎದುರಿನ ಅಂಗಡಿಯ ಮರಾಠಿ ಬೋರ್ಡನ್ನು ಅಕ್ಷರ ಬಿಡದೆ ಓದಿದರು. ಈಗ ಅವರ ಫೈಲಿನಲ್ಲಿ ಕ್ರಿಯಾಟಿನಿನ್ ಹಾಳೆಯ ಹಿಂದೆ ಕಣ್ಣಿನ ಒತ್ತಡದ ಹಾಳೆಯೂ ಇರುತ್ತದೆ. ಆರು ತಿಂಗಳಿಗೊಮ್ಮೆ ಹನಿ ಹಾಕಿ ಅಕ್ಷಿಪಟ ನೋಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಇಂಡಿಗೆ ಹೋಗಿದ್ದೆ. ನನ್ನ ತಂಗಿಯ ಏಳು ವರ್ಷದ ಮಗನಿಗೆ ಬಿಸಿಲು ಬಂತೆಂದರೆ ಕಣ್ಣಿನ ನವೆ. ಉಜ್ಜಿ ಉಜ್ಜಿ ಕಣ್ಣು ಕೆಂಡವಾಗುತ್ತದೆ, ನೂಲಿನಂಥ ಪಿಸುರು ಬರುತ್ತದೆ. ನಮ್ಮ ಒಣ ಸೀಮೆಯ ಮಕ್ಕಳಲ್ಲಿ ಇದು ಬಹಳ. ಇದಕ್ಕೂ ಹಿಂದೆ ಸ್ಟೀರಾಯ್ಡಿನ ಹನಿಯನ್ನೇ ಕೊಡುತ್ತಿದ್ದರು, ಅಂಗಡಿಯಿಂದ ಕೇಳಿ ತಂದು ವರ್ಷಗಟ್ಟಲೆ ಹಾಕಿ ಕಣ್ಣಿನ ಒತ್ತಡ ಏರಿಸಿಕೊಂಡ ಮಕ್ಕಳೂ ಇದ್ದಾರೆ. ಈಗ ಬೇರೆ ದಾರಿ ಇದೆ. ಕಿಡ್ನಿಗೆಂದು ಹುಟ್ಟಿದ ಸೈಕ್ಲೋಸ್ಪೋರಿನ್ ಒಣಗಿದ ಕಣ್ಣಿನಲ್ಲಿ ನೀರು ತರಿಸುತ್ತದೆ ಎಂದು ಜಾರ್ಜಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೀ ಕಾಸ್ವಾನ್ ಮೊದಲು ನಾಯಿಗಳಲ್ಲಿ ಕಂಡುಕೊಂಡರು. 2002ರಲ್ಲಿ ಮನುಷ್ಯರ ಕಣ್ಣಿನ ಹನಿಯಾಗಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟ್ಯಾಕ್ರೋಲಿಮಸ್ ಕೂಡ ಇಂಥ ನವೆಗೆ ಕಣ್ಣಿನ ಮುಲಾಮಾಗಿ ಬಂದಿದೆ. ಕಣ್ಣಿನ ಮೇಲಷ್ಟೇ ಕೆಲಸ ಮಾಡುತ್ತದೆ, ಪೊರೆ ತರುವುದಿಲ್ಲ, ಒತ್ತಡ ಏರಿಸುವುದಿಲ್ಲ.

ತಂಗಿ ಹುಡುಗನನ್ನು ಹಿಡಿದು ಕೂರಿಸಿ ಮುಲಾಮಿನ ಪುಟ್ಟ ಟ್ಯೂಬು ತೆರೆದಿದ್ದಳು. ಅವನು ಕೊಸರಾಡುತ್ತಿದ್ದ. ಕಟ್ಟೆಯ ಮೇಲಿದ್ದ ಮಾವ ಆ ಟ್ಯೂಬನ್ನು ಕೇಳಿ ಇಸಿದುಕೊಂಡು, ಬಿಸಿಲಿಗೆ ಹಿಡಿದು, ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದರು. ಜೇಬಿನಿಂದ ತಮ್ಮ ಗುಳಿಗೆಯ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿದರು.

"ಇದ ನಂದ ಗುಳಗಿ ಅಲ್ಲೇನ!"

ಆಮೇಲೆ ಕೈ ತೊಳೆದುಕೊಂಡು ಬಂದು ಹುಡುಗನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. "ಗದ್ದ ಮ್ಯಾಲ ಮಾಡಪಾ. ಹಂಗ. ಈಗ ನನ್ನ ಕಿವಿ ನೋಡು."